ಬಟ್ಟೆ ಕಟ್ಟಿದ ತಿನ್ನರ್ ಡಬ್ಬ

ಯಾರೂ ಕುಡಿಯದೆ, ಯಾರೂ ಚೆಲ್ಲದೆ ಖಾಲಿಯಾಗುವ ವಸ್ತು ಒಂದಿದೆ ಎಂದು ನನಗೆ ಗೊತ್ತಾದದ್ದು ಹಲ್ಲು ಉದುರಿದ ಮೇಲೆ. ಅದರ ಹೆಸರು ತಿನ್ನರ್. ಹೊಳೆನರಸೀಪುರದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಶೆಡ್ಡಿದೆ. ಅಲ್ಲಿ ನನ್ನ ಸೊಸೆ ಸವಿತ ಬಾಗಿಲು, ಮಂಚಗಳಿಗೆ ಬಣ್ಣ ಹೊಡೆಯುತ್ತಾಳೆ. ನಾನು ಮಜ್ಜಿಗೆಗೆ ನೀರು ಬೆರೆಸುವ ಹಾಗೆ ಅವಳು ಗಟ್ಟಿ ಬಣ್ಣಕ್ಕೆ ಇದನ್ನು ಬೆರೆಸುತ್ತಾಳೆ. ಅಂಗೈ ಮೇಲೆ ಒಂದು ತೊಟ್ಟು ಬಿದ್ದರೆ ಐಸಿನ ಹಾಗೆ ತಣ್ಣಗೆ ಕೊರೆದು, ಮರುಗಳಿಗೆಗೆ ಮಾಯ. ಕಲೆ ಕೂಡ ಉಳಿಯುವುದಿಲ್ಲ. ಮನೆಗೆ ಬಂದ ನೆಂಟರೆಲ್ಲ ಹೀಗೆ ಹೋಗಿದ್ದರೆ ನನ್ನ ಅರ್ಧ ಆಯಸ್ಸು ಉಳಿಯುತ್ತಿತ್ತು.

ಹೆಚ್ಚು ಓದಿದವಳಲ್ಲ ನಾನು. ಗೊತ್ತಿರುವುದೆಲ್ಲ ಅಡುಗೆಮನೆಯದ್ದು. ಅಲ್ಲಿ ಒಂದೊಂದು ಪದಾರ್ಥಕ್ಕೂ ಒಂದೊಂದು ಮರ್ಯಾದೆ. ಬೆಲ್ಲಕ್ಕೆ ಬಿಗಿ ಮುಚ್ಚಳ, ಹೊಸ ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಿಳಿ ಬಟ್ಟೆ. ಇಡ್ಲಿ ಹಿಟ್ಟು ಉಬ್ಬಿದರೆ ಮುಚ್ಚಳ ಸಡಿಲ ಮಾಡಬೇಕು, ಇಲ್ಲದಿದ್ದರೆ ಅದೇ ಎತ್ತಿ ಹಾಕುತ್ತದೆ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಸವಿತ ಮರ ಉಜ್ಜುವ ಉಪ್ಪುಕಾಗದ ತರಲು ಹಾಸನಕ್ಕೆ ಹೋಗಿದ್ದಳು. ಮೊಮ್ಮಗಳು ತೊಟ್ಟಿಲಲ್ಲಿ ಮಲಗಿದ್ದಳು. ಹಿತ್ತಲಿಗೆ ಬಟ್ಟೆ ಒಣಹಾಕಲು ಹೋದವಳು ನೋಡುತ್ತೇನೆ, ಕಾದ ತಗಡಿನ ಶೆಡ್ಡಿನಲ್ಲಿ ತಿನ್ನರ್ ಡಬ್ಬ ಹೊಟ್ಟೆ ಉಬ್ಬಿಸಿಕೊಂಡು ಕೂತಿದೆ. ಹುಳಿ ಬಂದಿದೆ ಎಂದುಕೊಂಡೆ. ಎತ್ತಿ ತಂದು ಅಡುಗೆಮನೆಯ ಹಿಂಬಾಗಿಲ ಒಳಗೆ ತಂಪಿನಲ್ಲಿಟ್ಟು ಮುಚ್ಚಳ ಬಿಚ್ಚಿದೆ. ಬುಸ್ಸೆಂದಿತು. ಪಾಪ, ಉಸಿರು ಕಟ್ಟಿತ್ತು ಅನ್ನಿಸಿತು. ಬಾಯಿಗೆ ಹಳೆ ಪಂಚೆಯ ಚೂರು ಮುಚ್ಚಿ, ದಾರ ಸುತ್ತಿ, ಒಳ್ಳೆಯ ಕೆಲಸ ಮಾಡಿದೆನೆಂದು ಹೋಗಿ ತೊಟ್ಟಿಲು ತೂಗುತ್ತ ಕೂತೆ.

ಸಂಜೆಯಾಯಿತು. ನಮ್ಮ ದೇವರ ಗೂಡು ಅಡುಗೆಮನೆಯಲ್ಲೇ, ನೆಲದ ಮಟ್ಟಕ್ಕಿದೆ. ಬತ್ತಿ ಹೊಸೆದು, ಎಣ್ಣೆ ಬಿಟ್ಟು, ಬೆಂಕಿಪೊಟ್ಟಣ ಕೈಗೆತ್ತಿಕೊಂಡೆ. ವಾಸನೆ ನನಗೆ ಗೊತ್ತಾಗಲಿಲ್ಲ. ನಶ್ಯ ಏರಿಸಿ ಏರಿಸಿ ನನ್ನ ಮೂಗು ಎಂದೋ ಕೆಲಸ ಬಿಟ್ಟಿದೆ. ಅಷ್ಟರಲ್ಲಿ ಸವಿತ ಚೀಲ ಹಿಡಿದು ಒಳಗೆ ಬಂದಳು.

"ಅತ್ತೆ, ಕಡ್ಡಿ ಗೀರ್ಬ್ಯಾಡಿ. ಅಂಗೇ ಇರಿ."

"ಒತ್ತು ಮುಳುಗ್ತಾ ಅದೆ ಕಣೆ, ದೀಪ ಅಚ್ಚಬ್ಯಾಡ್ವಾ?"

"ಮೊದ್ಲು ಮಗೀನ ಎತ್ಕಂಡು ಬೀದಿಗೆ ನಡೀರಿ. ಲೈಟ್ ಸ್ವಿಚ್ಚೂ ಮುಟ್ಬ್ಯಾಡಿ."

ಅವಳ ಮುಖ ನೋಡಿ ಬೆಂಕಿಪೊಟ್ಟಣ ಕೆಳಗಿಟ್ಟೆ. ಮಗುವನ್ನೆತ್ತಿಕೊಂಡು ಹೊರಗೆ ಬಂದೆ. ಅವಳು ಡಬ್ಬದ ಬಾಯಿ ಬಿಗಿದು ಹಿತ್ತಲಾಚೆ ಇಟ್ಟು, ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಬಂದು ನನ್ನ ಪಕ್ಕ ಜಗಲಿಯ ಮೇಲೆ ಕೂತಳು.

"ಉಪ್ಪಿನ್ಕಾಯಿ ಅಂದ್ಕಂಡ್ರಾ ಅತ್ತೆ? ಬೆಂಕಿ ಒಗೆಯಾದ್ರೆ ಮ್ಯಾಕ್ ಓಯ್ತದೆ. ಇದ್ರ ಆವಿ ನೆಲದ್ ಮ್ಯಾಲೇ ತೆವಳ್ತದೆ, ಕಣ್ಣಿಗ್ ಕಾಣಕಿಲ್ಲ. ದೂರದಾಗೆ ದೀಪ ಇದ್ರೂ ಅಲ್ಲೀಗಂಟ ಓಗಿ, ಬೆಂಕಿ ಅತ್ತಿಸ್ಕಂಡು ಡಬ್ಬಕ್ಕೇ ವಾಪಸ್ ಬತ್ತದೆ."

"ಅದಕ್ಕೆ ದಾರಿ ಗೊತ್ತಾ?"

"ನಿಮ್ಗಿಂತ ಚೆನ್ನಾಗ್ ಗೊತ್ತು."

ತೆರೆದ ಬಾಗಿಲಿನಿಂದ ನೆಲವನ್ನೇ ನೋಡುತ್ತ ಕೂತೆ. ದಿನಾ ನಾನೇ ಗುಡಿಸಿ ಒರೆಸುವ ನೆಲ. ಅದರ ಮೇಲೆ, ನನ್ನ ಕಾಲ್ಬೆರಳುಗಳನ್ನು ಸವರಿಕೊಂಡು, ಅದು ತೊಟ್ಟಿಲ ಕೆಳಗೂ ಹಾದುಹೋಗಿರಬೇಕು. ನಮ್ಮೂರ ಹೊಳೆ ಹೇಮಾವತಿ ತುಂಬಿ ಬಂದಾಗಲೂ ಸದ್ದು ಮಾಡಿಕೊಂಡೇ ಬರುತ್ತಾಳೆ. ಇದು ಬಂದದ್ದೂ ಇಲ್ಲ, ನಿಂತದ್ದೂ ಇಲ್ಲ ಅನ್ನುವ ಹಾಗೆ ಮನೆ ತುಂಬಿತ್ತು. ಅವತ್ತು ಮನೆಯಲ್ಲಿ ದೀಪ ಹಚ್ಚಲಿಲ್ಲ.

ಈಗ ತಿನ್ನರ್‌ಗೂ ಒಂದು ಮರ್ಯಾದೆ ಗೊತ್ತಾಗಿದೆ. ಬಿಗಿ ತಿರುಪಿನ ಮುಚ್ಚಳವಿರುವ ಕಬ್ಬಿಣದ ಡಬ್ಬದಲ್ಲಿ, ಮನೆಯಿಂದ ದೂರ, ಕಾಂಪೌಂಡಿನ ಮೂಲೆಯ ನೆರಳಿನಲ್ಲಿ, ಗಾಳಿಯಾಡುವ ಕಡೆ ಅದರ ವಾಸ. ಸೋರಿದರೆ ಹಿಡಿಯಲೆಂದು ಕೆಳಗೆ ತಗಡಿನ ತಟ್ಟೆ. ಕಂಠದವರೆಗೆ ತುಂಬುವ ಹಾಗಿಲ್ಲ, ಬಿಸಿಗೆ ಹಿಗ್ಗಲು ಜಾಗ ಬೇಕು. ಕೈ ಒರೆಸಿದ ಬಟ್ಟೆಗೂ ಬೇರೆ ಮುಚ್ಚಳದ ಡಬ್ಬ. ಬಾಣಂತಿಗೂ ನಾನು ಇಷ್ಟು ಉಪಚಾರ ಮಾಡಿದ್ದಿಲ್ಲ.

ಇಷ್ಟು ವರ್ಷ ಕಣ್ಣಿಗೆ ಕಾಣದವನಿಗೆ ದೀಪ ಹಚ್ಚಿದ್ದೇನೆ, ಅರ್ಧ ಮನಸ್ಸು ಒಲೆಯ ಮೇಲಿನ ಸಾರಿನಲ್ಲಿಟ್ಟುಕೊಂಡು. ಕಾಣದ್ದೊಂದು ನಿಜವಾಗಿ ಮನೆಯೊಳಗೆ ಓಡಾಡಬಲ್ಲದು ಎಂದು ಮೈ ಜುಮ್ಮೆಂದದ್ದು ಆ ಸಂಜೆಯೇ. ಈಗ ಬೆಂಕಿಪೊಟ್ಟಣ ಮುಟ್ಟುವ ಮೊದಲು, "ಸವಿತಾ, ಬಂದು ಒಂದ್ಸಲ ಮೂಸು" ಎಂದು ಕೂಗುತ್ತೇನೆ. ಅವಳು ಕೈ ತೊಳೆದು ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ದೇವರು ಇದುವರೆಗೆ ತಕರಾರು ಮಾಡಿಲ್ಲ. ಅವನೂ ಇದೇ ಮನೆಯಲ್ಲಿರುವವನು.