ಡಬ್ಬಿಯ ತಳದ ಒಂದು ಹಿಡಿ

ಮೊಸರು ಹುಳಿಯಾಗಿರಲಿಲ್ಲ, ನೀರು ಬಿಟ್ಟಿರಲಿಲ್ಲ, ಗಟ್ಟಿಯಾಗಿ ಚೆನ್ನಾಗಿಯೇ ಇತ್ತು. ಆದರೂ ವೈಶಾಲಿತಾಯಿ ಮುಚ್ಚಳದ ಮೇಲೊಮ್ಮೆ ಕಣ್ಣಾಡಿಸಿ, ಅಷ್ಟನ್ನೂ ನನ್ನೆದುರೇ ಮೋರಿಗೆ ಸುರಿದರು. ಪುಣೆಯಲ್ಲಿ ನನ್ನ ಕೆಲಸದ ಮೊದಲ ದಿನವದು. ನಮ್ಮೂರು ನೆಲೋಗಿಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಓಣಿಯೇ ನೆರೆದು ಛೀ ಥೂ ಅನ್ನುತ್ತಿತ್ತು. "ತಾರೀಖು ಮುಗಿದಿದೆ" ಎಂದು ಮರಾಠಿಯಲ್ಲಿ ಹೇಳಿ ಅವರು ಡಬ್ಬಿ ತೊಳೆಯಲು ಕೊಟ್ಟರು.

ಅದೊಂದು ಪಾಳಣಾಘರ. ಹಾಗೆಂದರೆ ತೊಟ್ಟಿಲ ಮನೆ. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಸಂಜೆ ಕರೆದೊಯ್ಯುತ್ತಾರೆ. ಅದನ್ನು ನಡೆಸುವವರು ವೈಶಾಲಿತಾಯಿ; ಇಲ್ಲಿ ತಾಯಿ ಎಂದರೆ ಅಕ್ಕ. ನನ್ನ ಗಂಡ ಶರಣಪ್ಪ ನೆಲಕ್ಕೆ ಫರಸಿ ಕಲ್ಲು ಹಾಕುವ ಕೆಲಸ ಹುಡುಕಿಕೊಂಡು ಈ ಊರಿಗೆ ಬಂದ, ಅವನ ಹಿಂದೆ ನಾನು ಬಂದೆ. ತಗಡು ಹೊದಿಸಿದ ಒಂದೇ ಕೋಣೆ ನಮ್ಮ ಸಂಸಾರ. ಪಕ್ಕದ ಕೋಣೆಯ ಶಾಂತಕ್ಕ ಆಳಂದದವಳು. ಗಡಿಯವಳಾದ್ದರಿಂದ ಮರಾಠಿ ಅವಳ ಬಾಯಲ್ಲಿ ಸಲೀಸಾಗಿ ಹರಿಯುತ್ತದೆ. ಪಾಳಣಾಘರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಅವಳೇ ನನ್ನನ್ನು ಅಡುಗೆಗೆ ಸೇರಿಸಿದ್ದು.

ಮೊಸರಿನ ಸಂಗತಿ ಹೇಳಿಕೊಂಡಾಗ ಅವಳು ನಕ್ಕಳು. "ಇಲ್ಲಿ ನಿನ್ನ ಮೂಗಿನ ಮಾತು ಯಾರೂ ಕೇಳಂಗಿಲ್ಲಬೇ. ತಾರೀಕು ಓದೋದು ಕಲಿ."

ಕಲಿತೆ. ಬ್ರೆಡ್ಡಿಗೆ ತಾರೀಖು ಎಲ್ಲಿರುತ್ತದೆ, ಎಣ್ಣೆಗೆ ಎಲ್ಲಿ, ತಯಾರಾದ ದಿನ ಯಾವುದು, ಮುಗಿಯುವ ದಿನ ಯಾವುದು ಎಂದು ಪ್ಯಾಕೆಟ್ಟುಗಳನ್ನು ತಿರುಗಿಸಿ ತಿರುಗಿಸಿ ಓದಿದೆ. ಒಮ್ಮೆ ಅಂಗಡಿಯವನು ಹಳೆಯ ಬ್ರೆಡ್ಡು ಕೊಡಲು ನೋಡಿದಾಗ, ಬಂದಷ್ಟು ಮರಾಠಿಯಲ್ಲಿ ಅವನ ಬೆವರಿಳಿಸಿ ಹೊಸದು ತಂದೆ. ಆ ಸಂಜೆ ನನ್ನನ್ನು ಹಿಡಿಯುವವರಿರಲಿಲ್ಲ.

ಆದರೆ ಕೈಗೆ ಹತ್ತಿದ ರೂಢಿ ಕೈಯಲ್ಲೇ ಇತ್ತು. ನಮ್ಮಲ್ಲಿ ಜೋಳದ ಹಿಟ್ಟಿಗೆ ಯಾರು ತಾರೀಖು ಬರೆದಾರು? ನಾಲಿಗೆಗಿಟ್ಟರೆ ಕಹಿಯಾಗಿದೆಯೋ ಇಲ್ಲವೋ ಅದೇ ಹೇಳುತ್ತದೆ. ಮತ್ತೆ ಹಿಟ್ಟಿನ ಡಬ್ಬಿ ಎಂದೂ ಪೂರಾ ಬರಿದಾಗಬಾರದು. ತಳದಲ್ಲಿ ಒಂದು ಹಿಡಿ ಇರುವಾಗಲೇ ಅದರ ಮೇಲೆ ಹೊಸದು ಸುರಿಯಬೇಕು, ಇಲ್ಲದಿದ್ದರೆ ಮನೆಯ ಬರಕತ್ತು ಹೋಗುತ್ತದೆ, ಇದ್ದದ್ದು ಸಾಲದಾಗುತ್ತದೆ ಎನ್ನುತ್ತಾಳೆ ಅವ್ವ. ಪಾಳಣಾಘರದ ಹಾಲಿನ ಪುಡಿಗೂ ನಾನು ಅದೇ ಮಾಡಿದೆ. ಪ್ರತಿ ಪ್ಯಾಕೆಟ್ಟಿನ ತಾರೀಖು ತಪ್ಪದೆ ಓದಿ, ಹಳೆಯ ಹಿಡಿಯ ಮೇಲೆ ಹೊಸ ಪುಡಿ ಸುರಿದು, ಪ್ಯಾಕೆಟ್ಟನ್ನು ಕಸಕ್ಕೆ ಹಾಕುತ್ತಿದ್ದೆ. ಎರಡೂ ಊರಿನ ರೀತಿಯನ್ನು ಪಾಲಿಸುತ್ತಿದ್ದೇನೆಂಬ ಸಮಾಧಾನ ನನಗೆ.

ಮಳೆಗಾಲ ಹಿಡಿಯಿತು. ಪುಣೆಯ ಮಳೆ ನಮ್ಮ ಮಳೆಯಂತೆ ಸುರಿದು ಹೋಗುವುದಿಲ್ಲ. ವಾರಗಟ್ಟಲೆ ಜಿನುಗುತ್ತದೆ, ಗೋಡೆ ಹಾಸಿಗೆ ಎಲ್ಲ ಥಂಡಿ. ಅಂಥ ಒಂದು ಮಧ್ಯಾಹ್ನ, ಇನ್ನೂ ಮಾತು ಬಾರದ ಇರಾ ಎಂಬ ಹುಡುಗಿ ಹಾಲು ಕುಡಿದ ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡಳು. ಮತ್ತೆ ಮತ್ತೆ ಮಾಡಿಕೊಂಡಳು. ಅವಳ ಹಿಂದೆಯೇ ಇನ್ನಿಬ್ಬರು. ಸಂಜೆಯಾಗುವುದರೊಳಗೆ ಇರಾಳನ್ನು ಆಸ್ಪತ್ರೆಗೆ ಸೇರಿಸಿ ಸಲಾಯಿನ್ ಹಚ್ಚಿದ್ದರು.

ಅವಳ ಅಪ್ಪ ಆಸ್ಪತ್ರೆಯಿಂದ ನೇರ ಅಡುಗೆಮನೆಗೆ ಬಂದ. ಉಳಿದ ತಂದೆತಾಯಿಯರು ಬಾಗಿಲಲ್ಲಿ ಕಿಕ್ಕಿರಿದು ನಿಂತರು. "ಏನು ಕೊಟ್ಟಿರಿ? ತೋರಿಸಿ." ಕಸದ ಬುಟ್ಟಿಯಿಂದ ಹಾಲಿನ ಪುಡಿಯ ಪ್ಯಾಕೆಟ್ಟು ಹೆಕ್ಕಿ ಅವನ ಕೈಗಿಟ್ಟೆ. ತಾರೀಖಿಗೆ ಇನ್ನೂ ತಿಂಗಳುಗಳಿದ್ದವು. ವೈಶಾಲಿತಾಯಿ ಉಸಿರು ಬಿಟ್ಟರು, ನಾನೂ ಬಿಟ್ಟೆ. ಆದರೆ ಅವನು ಹೋಗಲಿಲ್ಲ. ಕಟ್ಟೆಯ ಮೇಲೆ ಪೇಪರು ಹಾಸಿ, ಡಬ್ಬಿ ಎತ್ತಿ, ಬೋರಲು ಮಾಡಹೊರಟ.

"ಪೂರಾ ಬರಿದು ಮಾಡಬ್ಯಾಡ್ರಿ!"

ನಾನೇ ಕೂಗಿದ್ದೆ, ಅದೂ ಕನ್ನಡದಲ್ಲಿ. ಡಬ್ಬಿ ಬರಿದಾದೀತೆಂಬ ಹೆದರಿಕೆ ಬಿಟ್ಟರೆ ದೇವರಾಣೆ ನನ್ನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಅವನು ಶಾಂತಕ್ಕನ ಕಡೆ ತಿರುಗಿ, ಏನಂದಳು ಎಂದು ಕೇಳಿದ. ಶಾಂತಕ್ಕ ನನ್ನ ಮುಖ ನೋಡಿದಳು, ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿದಳು. "ಹಾಗಾದರೆ ಇದರಲ್ಲಿ ಏನೋ ಇದೆ" ಎಂದು ಅವನು ಡಬ್ಬಿ ಮಗುಚಿಯೇ ಬಿಟ್ಟ.

ಮೊದಲು ಬೆಳ್ಳಗಿನ ಪುಡಿ ಬಿತ್ತು. ಆಮೇಲೆ ಏನೂ ಬೀಳಲಿಲ್ಲ. ಅವನು ತಳಕ್ಕೆ ಬಡಿದಾಗ ಹಳದಿಗಟ್ಟಿದ ಒಂದು ಹೆಂಟೆ ಧಪ್ಪೆಂದು ಬಿತ್ತು. ಕಮಟು ವಾಸನೆ ಬಾಗಿಲವರೆಗೂ ಹೋಯಿತು. ಯಾವ ಪ್ಯಾಕೆಟ್ಟಿನದೋ ಅದು, ಎಂದಿನಿಂದ ಅಲ್ಲಿತ್ತೋ. ಯಾವ ತಾರೀಖೂ ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಕೂಸಿಗೆ ಏನಾದರೂ ಆದರೆ ಅದು ನನ್ನ ಕೈಯಿಂದಲೇ ಎಂಬುದು ಆಗ ಹೊಳೆಯಿತು.

ಕೋಣೆಗೆ ಬಂದು ಅವ್ವನಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು ಅವಳು, "ಡಬ್ಬಿ ಪೂರಾ ಬರಿದು ಮಾಡಿದ್ರೇನವ್ವ?" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ಕೂಸು ದವಾಖಾನ್ಯಾಗ ಅದ, ನಿನಗ ಡಬ್ಬಿದ ಚಿಂತಿ ಹತ್ತೇದ?"

"ಸಿಟ್ಟ ಮಾಡಬ್ಯಾಡ. ನಾವು ಬಿಸಲಾಗ ಒಣಗಿಸಿ ಇಡ್ತೀವಿ, ಹಿಟ್ಟು ಬೀಸಿದ್ದು ಬೀಸಿದಂಗ ಖರ್ಚಾಗತದ. ಆ ಹಾಲಿನ ಪುಡಿ ನಾ ಎಲ್ಲಿ ನೋಡೇನಿ?" ಅಂದಳು ಅವಳು. "ಕೂಸಿಗೆ ಏನೂ ಆಗಂಗಿಲ್ಲ, ಶರಣಬಸಪ್ಪನ ಗುಡ್ಯಾಗ ಕಾಯಿ ಒಡಸ್ತೇನಿ."

ಇರಾ ಗುಣವಾದಳು. ಹಾಲಿನಿಂದಲೇ ಆಯಿತೋ, ಮಳೆಗಾಲದ ಸೋಂಕಿನಿಂದಲೋ ಹೇಳಲಾಗದು ಎಂದರಂತೆ ಡಾಕ್ಟರು. ಆ ಅನುಮಾನ ನನ್ನೊಳಗೆ ಹಾಗೇ ಉಳಿಯಿತು. ಶಾಂತಕ್ಕ ಗೋಗರೆದದ್ದರಿಂದ ಕೆಲಸ ಹೋಗಲಿಲ್ಲ. ಪ್ಯಾಕೆಟ್ಟಿನ ತಾರೀಖು ಬಾಯಿ ಕಟ್ಟಿರುವ ತನಕ ಮಾತ್ರ, ಒಡೆದ ಮೇಲೆ ಬೇರೆ ಲೆಕ್ಕ ಎಂದು ವೈಶಾಲಿತಾಯಿ ಕೂರಿಸಿಕೊಂಡು ಹೇಳಿದರು. ಈಗ ಒಡೆದ ದಿನವನ್ನು ಬರೆದು ಅಂಟಿಸುತ್ತೇನೆ. ಪ್ರತಿ ಡಬ್ಬಿಯನ್ನೂ ಬರಿದು ಮಾಡಿ, ತೊಳೆದು ಒಣಗಿಸಿಯೇ ತುಂಬುತ್ತೇನೆ. ನಮ್ಮ ಕೋಣೆಯ ಜೋಳದ ಹಿಟ್ಟಿನ ಡಬ್ಬಿಯನ್ನು ಮಾತ್ರ ಬರಿದು ಮಾಡಲು ಇನ್ನೂ ಕೈ ಬರುವುದಿಲ್ಲ.

ಇರಾ ಮತ್ತೆ ಬರತೊಡಗಿದಾಗ ಅವಳ ತಾಯಿ ಊಟದ ಡಬ್ಬಿಯನ್ನು ಶಾಂತಕ್ಕನ ಕೈಗೆ ಕೊಟ್ಟಳು. ಇದನ್ನು ಬಿಟ್ಟು ಇಲ್ಲಿನದೇನೂ ಮಗುವಿನ ಬಾಯಿಗೆ ಹೋಗಕೂಡದು ಎಂದಳು. ನನ್ನ ಕಡೆ ನೋಡಲಿಲ್ಲ. ತಾಯಿಯಾಗಿ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮೊನ್ನೆ ಅದೇ ದಿನ ಪ್ಯಾಕೆಟ್ಟು ಒಡೆದ ರವೆಯಿಂದ ಸಿಹಿ ಸಜ್ಜಕ ಮಾಡಿದ್ದೆ. ತುಪ್ಪದ ವಾಸನೆಗೆ ಇರಾ ತನ್ನ ಊಟ ಬಿಟ್ಟು ಎದ್ದು ಬಂದು, ನನ್ನ ಸೆರಗು ಹಿಡಿದು ಬಾಯಿ ತೆರೆದಳು.

"ಒಂದು ತುತ್ತು ಕೊಡಬೇ, ಯಾರು ನೋಡ್ತಾರ?" ಅಂದಳು ಶಾಂತಕ್ಕ, ಮೆಲ್ಲಗೆ.

ನಾನು ಬಟ್ಟಲನ್ನು ಎತ್ತಿ ಮೇಲಿನ ಹಲಗೆಯ ಮೇಲಿಟ್ಟೆ. ಕೂಸು ಬಾಯಿ ತೆರೆದೇ ಅಳತೊಡಗಿತು. ನೆಲೋಗಿಯಲ್ಲಿ ಯಾವ ಹೆಂಗಸಾದರೂ ಹೀಗೆ ಮಾಡಿದ್ದರೆ, ಅವಳ ಮನೆಯ ನೀರನ್ನೂ ನಾನು ಕುಡಿಯುತ್ತಿರಲಿಲ್ಲ.