ಮತಗಟ್ಟೆಯ ಬಾಗಿಲಲ್ಲಿ ಅಮ್ಮ ಕೈ ತೊಳೆದದ್ದು

ಅಮ್ಮನ ಹೆಸರು ಎರಡು ಕಡೆಯ ಮತದಾರರ ಪಟ್ಟಿಯಲ್ಲಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಪ್ಪ ಇದ್ದಾಗ ನಾವು ಕೆಜಿಎಫ್ ಚಿನ್ನದ ಗಣಿಯ ಮೈಸೂರು ಮೈನ್ಸ್‌ನಲ್ಲಿ, ಕಾರ್ಮಿಕರ ಲೈನು ಮನೆಯಲ್ಲಿದ್ದೆವು. ಅವರು ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಕರೆದುಕೊಂಡು ಬೇತಮಂಗಲದ ಹತ್ತಿರದ ತನ್ನ ತವರೂರಿಗೆ ಬಂದಳು. ತಾತ ಬಿಟ್ಟುಕೊಟ್ಟ ತುಂಡು ಜಮೀನಿನಲ್ಲಿ ಟೊಮೆಟೊ ಹಾಕಿದಳು, ಹಸು ಕಟ್ಟಿದಳು, ಊರಿನ ಪಟ್ಟಿಗೆ ಹೆಸರು ಸೇರಿಸಿದಳು. ಹಳೆಯ ಹೆಸರು ಅಲ್ಲೇ ಉಳಿಯಿತು. ತೆಗೆಯಿರಿ ಎಂದು ನಾವೂ ಕೇಳಲಿಲ್ಲ. ಅಲ್ಲಿಗೆ ಹೋಗಿ ಓಟು ಹಾಕಬಹುದು ಎಂಬ ಯೋಚನೆಯೇ ಅಮ್ಮನಿಗೆ ಬಂದಿರಲಿಲ್ಲ.

ನಾನು ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಓದುತ್ತಿದ್ದ ವರ್ಷಗಳಲ್ಲಿ ಮತದಾರರ ಪಟ್ಟಿಯ ವಾದ ಎಷ್ಟು ಸಲ ಕಿವಿಗೆ ಬಿದ್ದಿದೆಯೋ. ರೈಲು ಹೊರಡುವ ಮಾರಿಕುಪ್ಪಂನಲ್ಲೇ ಹತ್ತಿ ಸೀಟು ಹಿಡಿದವರು ತಮಿಳಿನಲ್ಲಿ ಶುರು ಮಾಡುತ್ತಿದ್ದರು, ನಮ್ಮವರು ಕನ್ನಡದಲ್ಲಿ ಮುಂದುವರಿಸುತ್ತಿದ್ದರು. ಪಟ್ಟಿ ತುಂಬ ಸತ್ತವರು, ಊರು ಬಿಟ್ಟವರು, ಅದನ್ನು ಗುಡಿಸಿ ಎಸೆಯಬೇಕು ಎಂದು ಒಬ್ಬರು. ಗುಡಿಸುವವರು ಬದುಕಿರುವವರನ್ನೂ ಗುಡಿಸಿಬಿಡುತ್ತಾರೆ ಎಂದು ಇನ್ನೊಬ್ಬರು. ಇಬ್ಬರು ಹೇಳುವುದೂ ನಿಜ ಎನಿಸುತ್ತಿತ್ತು. ನಾನು ಬಾಯಿ ಹಾಕುತ್ತಿರಲಿಲ್ಲ.

ಆ ಚುನಾವಣೆಯ ದಿನ ನಮ್ಮ ತೋಟದಲ್ಲಿ ಕಟಾವಿತ್ತು. ಹಣ್ಣನ್ನು ಮಂಡಿಗೆ ಒಯ್ಯುವ ಡ್ರೈವರು ತಾನೂ ಓಟು ಹಾಕಬೇಕೆಂದು ಗಾಡಿಯನ್ನು ಬೇಗ ತಂದಿದ್ದ. ಅಮ್ಮ ಬೆಳಕು ಹರಿಯುವ ಮೊದಲೇ ಸಾಲಿಗೆ ಇಳಿದಿದ್ದಳು. ಟೊಮೆಟೊ ಕಿತ್ತವರ ಕೈಗೆ ಗಿಡದ ಕರೆ ಹತ್ತುತ್ತದೆ. ಮೊದಲು ಹಸಿರು, ಒಣಗುತ್ತಾ ಕಪ್ಪು. ಸೋಪಿಗೆ ಅದು ಸುಲಭವಾಗಿ ಜಗ್ಗುವುದಿಲ್ಲ. ಒಡೆದ ಹಣ್ಣೊಂದನ್ನು ಹಿಚುಕಿ ಆ ರಸದಲ್ಲಿ ತಿಕ್ಕಿದರೆ ಬಿಡುತ್ತದೆ. ನಮ್ಮ ಕಡೆ ಅದನ್ನು ಊಟಕ್ಕೆ ಕೂರುವ ಮುಂಚೆ ಮಾತ್ರ ಮಾಡುತ್ತಾರೆ. ಮತ್ತೆ ಹತ್ತುವ ಕರೆಯನ್ನು ಪದೇ ಪದೇ ತೆಗೆದು ಏನು ಪ್ರಯೋಜನ? ಅವತ್ತು ಅಮ್ಮ, "ಓಟಾಕಿ ಬಂದೇ ಉಣ್ಣಾನ" ಎಂದಳು. ಹಾಗಾಗಿ ಕೈ ಹಾಗೇ ಉಳಿಯಿತು.

ಮತಗಟ್ಟೆ ಊರಿನ ಶಾಲೆಯಲ್ಲಿತ್ತು. ಹೆಂಗಸರ ಸಾಲಿನಲ್ಲಿ ಅಮ್ಮ ಮುಂದೆ, ನಾನು ಹಿಂದೆ. ಸಿಬ್ಬಂದಿ ಅಮ್ಮನ ಹೆಸರು ಓದಿದ್ದೇ ತಡ, ಒಳಗೆ ಕುಳಿತಿದ್ದ ಒಂದು ಪಕ್ಷದ ಏಜೆಂಟು ಎದ್ದು ನಿಂತ. ನಮ್ಮ ಊರಿನವನೇ. ಟೊಮೆಟೊ ಮಂಡಿ ಇಟ್ಟಿದ್ದ.

"ಮೇಡಂ, ಒಂದ್ನಿಮಿಷ. ಈಯಕ್ಕಂದು ಮೈಸೂರು ಮೈನ್ಸಾಗೂ ಓಟೈತೆ. ಬೆಳಿಗ್ಗೆ ಅಲ್ಲಿ ಬಟನ್ ಒತ್ತಿ ಈಗ ಇಲ್ಲಿಗ್ ಬಂದವ್ರೆ. ಬೇಕಾರೆ ಬೆರಳ್ ನೋಡಿ."

"ಏನ್ಲಾ ಅಂದೆ?" ಅಮ್ಮ ಅವನ ಕಡೆ ತಿರುಗಿದಳು. "ಬೆಳಿಗ್ಗೆಯಿಂದ ತ್ವಾಟದಾಗಿದ್ದೀನಿ. ನಿನ್ ಮಂಡಿಗೇ ತಾನೆ ಬಾಕ್ಸು ಓಗಿರೋದು?"

"ಬಾಕ್ಸ್ ಬಂದೈತಕ್ಕ. ಯಾರ್ ಕಿತ್ರೋ ನಂಗೇನ್ ಗೊತ್ತು?"

ಸಾಲಿನಲ್ಲಿದ್ದ ಪಕ್ಕದ ಮನೆಯ ಅತ್ತೆ ಸುಮ್ಮನಿರಲಿಲ್ಲ. "ಮಂಡೀಲಿ ಕೂತು ಕೈ ಬೆಳ್ಳಗಾದ್ವು ಅಂತ ಗಿಡದ ಕರೇನೇ ಮರ್ತೋಯ್ತೇನ್ಲಾ? ನಿಮ್ಮವ್ವನ ಕೈ ಒಂದ್ಸಲಾನೂ ನೋಡಿಲ್ವಾ?"

ಸಾಲು ನಕ್ಕಿತು. ಮತಗಟ್ಟೆಯ ಅಧಿಕಾರಿ ನಗಲಿಲ್ಲ. ಬೇರೆ ಜಿಲ್ಲೆಯಿಂದ ಬಂದಿದ್ದ ಆಕೆ ಅಮ್ಮನ ಎಡಗೈ ಹಿಡಿದು ತೋರುಬೆರಳನ್ನು ಬೆಳಕಿಗೆ ತಿರುಗಿಸಿದರು. ಉಗುರಿನ ಬುಡದವರೆಗೆ ಕಪ್ಪಾಗಿತ್ತು.

"ಇಲ್ಲಿ ಗುರುತಿದ್ದರೆ ನಾನು ಬಿಡೋ ಹಾಗಿಲ್ಲಮ್ಮ," ಎಂದರು.

"ಎರಡೂ ಕೈ ನೋಡಿ ಮೇಡಂ," ಎಂದೆ. "ಶಾಯಿ ಹಾಕೋದು ಒಂದು ಬೆರಳಿಗೆ. ಇವರದು ಹತ್ತೂ ಕಪ್ಪಾಗಿದೆ."

"ಅದೇ ನಾನೇಳದು," ಎಂದ ಏಜೆಂಟು. "ಒಂದ್ ಬೆರಳಿಂದು ಕಾಣ್ಬಾರ್ದು ಅಂತ ಹತ್ತಕ್ಕೂ ಮೆತ್ಕೊಂಡವ್ರೆ."

ಮಾತು ಕೆಟ್ಟದ್ದು, ಆದರೆ ಮೂರ್ಖತನದ್ದಲ್ಲ. ಶಾಯಿ ಮರೆಸಲು ಜನ ಏನೇನೋ ಹಚ್ಚಿಕೊಳ್ಳುವುದುಂಟು. ವಾದ ಮಾಡುತ್ತಾ ನಿಂತರೆ ಮುಗಿಯುವಂತಿರಲಿಲ್ಲ. ಟೊಮೆಟೊ ರಸಕ್ಕೆ ಕರೆ ಹೋಗುತ್ತದೆ, ಚುನಾವಣೆಯ ಶಾಯಿ ಹೋಗುವುದಿಲ್ಲ, ನಿಮ್ಮ ಕಣ್ಣೆದುರಿಗೇ ತೊಳೆಯುತ್ತೇವೆ ಎಂದು ಅಧಿಕಾರಿಗೆ ಹೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ ಒಪ್ಪಿಕೊಂಡರು. ಅಮ್ಮ ಒಪ್ಪಲಿಲ್ಲ.

"ನಾನ್ಯಾಕೆ ತೊಳೀಲಿ? ಕಳ್ಳಿನಾ ನಾನು? ಬೇಡ ನಡಿ, ಒಂದೋಟು ಓದ್ರೆ ಓಯ್ತು."

ಅವಳು ಆಗಲೇ ಗೇಟಿನ ಕಡೆ ತಿರುಗಿದ್ದಳು. ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ಈಗ ಮನೆಗೆ ಹೋದರೆ ಓಟು ಮಾತ್ರ ಹೋಗಲ್ಲಮ್ಮ. ನೀನು ಎರಡು ಕಡೆ ಒತ್ತಿದೆ ಅನ್ನೋ ಮಾತು ಊರಲ್ಲಿ ಉಳ್ಕೊಳ್ಳುತ್ತೆ."

ಅಮ್ಮ ಸೆರಗು ಸಿಕ್ಕಿಸಿಕೊಂಡಳು. ಅಷ್ಟರಲ್ಲಿ ಪಕ್ಕದ ಮನೆಯ ಅತ್ತೆ ಶಾಲೆಯ ಹಿಂದಿನ ತೋಟಕ್ಕೆ ಹೋಗಿ, ಮಡಿಲಲ್ಲಿ ಒಡೆದ ಹಣ್ಣು ತುಂಬಿಕೊಂಡು ಬಂದರು. ಬಾಗಿಲ ಬಳಿ ಕುಡಿಯುವ ನೀರಿನ ಕೊಡದ ಪಕ್ಕದಲ್ಲಿ ಅಮ್ಮ ಕುಕ್ಕುರುಗಾಲಲ್ಲಿ ಕೂತು, ಹಣ್ಣು ಹಿಚುಕಿ, ಬೆರಳು ಬೆರಳಾಗಿ ತಿಕ್ಕಿದಳು. ನಾನು ನೀರು ಹುಯ್ದೆ. ಹಳದಿ ಬೆರೆತ ಹಸಿರು ನೀರು ಮೆಟ್ಟಿಲ ಮೇಲೆ ಹರಿಯಿತು. ಸಾಲಿನ ಮುದುಕಿಯೊಬ್ಬಳು ಏಜೆಂಟನಿಗೆ ತೆಲುಗಿನಲ್ಲಿ, "ಬಾಗಾ ಚೂಡ್ರಾ!" ಎಂದಳು. ಸರಿಯಾಗಿ ನೋಡೋ ಅಂತ. ಅವನು ಬಗ್ಗಿ ನೋಡಿದ. ಅಧಿಕಾರಿಯೂ ನೋಡಿದರು. ಎಡಗೈಯ ತೋರುಬೆರಳು ನೀರಿಗೆ ಸುಕ್ಕುಗಟ್ಟಿತ್ತು. ಶಾಯಿಯ ಚುಕ್ಕೆಯೂ ಇರಲಿಲ್ಲ.

"ಒಳಗೆ ಬನ್ನಿ," ಎಂದರು ಅಧಿಕಾರಿ.

ಸಿಬ್ಬಂದಿ ಆ ಬೆರಳಿಗೆ ಶಾಯಿ ಎಳೆದರು. ಅಮ್ಮ ಮರೆಯ ಹಿಂದೆ ಹೋದಳು. ಯಂತ್ರದ ಉದ್ದನೆಯ ಸದ್ದು ಬಂತು.

ನಾನೂ ಓಟು ಹಾಕಿ ಬರುವಾಗ ಏಜೆಂಟು ಬದಲಿಯವನನ್ನು ಕೂರಿಸಿ ಊಟಕ್ಕೆ ಹೊರಟಿದ್ದ. ಗೇಟಿನ ಹತ್ತಿರ ನಮ್ಮ ಜೊತೆಗೇ ಹೆಜ್ಜೆ ಹಾಕಿದ.

"ಬೇಜಾರ್ ಮಾಡ್ಕಬ್ಯಾಡಕ್ಕ. ಎಸ್ರು ಎರಡ್ ಕಡೆ ಇರೋದಂತೂ ಸುಳ್ಳಲ್ವಲ್ಲ."

"ಸುಳ್ಳಲ್ಲ," ಎಂದೆ ನಾನು. "ಹೆಸರು ಎರಡು ಕಡೆ ಉಳಿದಿರೋದು ಬೇರೆ, ಎರಡು ಸಲ ಓಟು ಹಾಕೋದು ಬೇರೆ. ಮೊದಲನೇದು ನಿಮಗೆ ಗೊತ್ತಿತ್ತು. ಎರಡನೇದು ನೀವು ಕಟ್ಟಿದ ಕಥೆ."

ಅವನು ನನ್ನ ಬಾಯಿಂದ ಅಷ್ಟು ಮಾತು ಕೇಳಿದ್ದು ಅದೇ ಮೊದಲಿರಬೇಕು. ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿ ಹೇಳಿದ. "ಬಿಡಕ್ಕ, ಅಲ್ಲಿರೋ ಎಸ್ರು ನಾನೇ ತೆಗೆಸ್ತೀನಿ. ಆಫೀಸ್ನಾಗೆ ನಮ್ಮೋರು ಅವ್ರೆ, ಒಂದು ಅರ್ಜಿ ಬಿಸಾಕಿದ್ರಾಯ್ತು."

ಅಮ್ಮ ನಿಂತುಬಿಟ್ಟಳು. "ನನ್ನೆಸ್ರು ಮುಟ್ಟಿದ್ರೆ ನೋಡು. ಇವತ್ತು ಅಲ್ಲಿಂದು ತೆಗೀತೀಯ, ನಾಳೆ ಇಲ್ಲಿಂದು ತೆಗೀತೀಯ. ಆಮೇಲೆ ನಾನ್ಯಾರ್ನ ಕೇಳ್ಲಿ? ಸೇರ್ಸಿದ್ದು ನಾನು, ತೆಗ್ಸೋಳೂ ನಾನೇ."

ಚುನಾವಣೆಯ ಗಲಾಟೆ ಮುಗಿದ ಮೇಲೆ, ಕಟಾವಿಲ್ಲದ ಒಂದು ದಿನ, ಅಲ್ಲಿನ ಹಳೆಯ ಹೆಸರು ತೆಗೆಸಲು ನಾವಿಬ್ಬರೂ ಕೆಜಿಎಫ್ ಬಸ್ಸು ಹತ್ತಿದೆವು. ಕಚೇರಿಯ ಕಿಟಕಿಯಲ್ಲಿ ಅರ್ಜಿ ತೆಗೆದುಕೊಂಡವರು, "ಯಾರ ಹೆಸರು ತೆಗೀಬೇಕು, ಯಾರು ಕೇಳ್ತಿರೋದು?" ಎಂದು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕಿಟಕಿಗೆ ಮುಖ ಹಚ್ಚಿ ಎರಡೂ ಪ್ರಶ್ನೆಗೆ ಒಂದೊಂದು ಸಲ ತನ್ನ ಹೆಸರನ್ನೇ ಹೇಳಿದಳು.