ಗೋಡೆಗೆ ಮುಖ ಮಾಡಿದ ಬೆಂಚು

ನಮ್ಮ ಅಡುಗೆಮನೆಯಲ್ಲಿ ನೀರಿನ ಕೊಡಗಳನ್ನು ಹೊತ್ತು ನಿಂತಿರುವ ಬೇವಿನ ಮರದ ಬೆಂಚೊಂದಿದೆ. ಮೊನ್ನೆಮೊನ್ನೆಯವರೆಗೂ ಅದರ ಮುಖ ಗೋಡೆಯ ಕಡೆಗಿತ್ತು. ಬೆಂಚಿಗೆ ಎಲ್ಲಿಯ ಮುಖ ಎಂದು ನೀವು ನಗಬಹುದು, ಇದಕ್ಕಿದೆ. ಒಂದು ಅಂಚಿನ ಮೇಲೆ ಬಳ್ಳಾರಿಯ ಹಳೆಯ ಶಾಲಾ ಬೋರ್ಡಿನ ಮುದ್ರೆಯನ್ನು ಕಾದ ಕಬ್ಬಿಣದಿಂದ ಸುಟ್ಟು ಒತ್ತಿದ್ದಾರೆ. ಆ ಅಂಚನ್ನು ಗೋಡೆಗೆ ತಿರುಗಿಸಿಟ್ಟವರು ಬೋರ್ಡಿನ ಶಾಲೆಯೊಂದರಲ್ಲಿ ಹೆಡ್ಮಾಸ್ತರಾಗಿದ್ದ ನನ್ನ ಅಪ್ಪ. ಅವರು ತೀರಿಕೊಂಡು ಎಷ್ಟೋ ವರ್ಷವಾದರೂ, ನೆಲ ಒರೆಸಲು ಬೆಂಚು ಸರಿಸಿದಾಗಲೆಲ್ಲ ನಾನೂ ಅದನ್ನು ಹಾಗೆಯೇ ಇಡುತ್ತ ಬಂದೆ.

ಬೋರ್ಡು ಎಂದರೆ ಈಗಿನವರಿಗೆ ಬಸ್ಸಿನ ಹಣೆಯ ಮೇಲಿನ ಊರಿನ ಹೆಸರು. ನಮ್ಮ ಬಾಲ್ಯದಲ್ಲಿ ಬೋರ್ಡು ಎಂದರೆ ಕಣ್ಣಿಗೆ ಕಾಣದ ಒಬ್ಬ ಯಜಮಾನ. ಮದರಾಸಿನ ಆಳ್ವಿಕೆಯ ಕಾಲದಲ್ಲಿ ಹುಟ್ಟಿ, ಕೋಟೆಗುಡ್ಡದ ಕೆಳಗಿನ ಓಣಿ ಓಣಿಗೂ ಶಾಲೆ ಹಂಚಿದವನು, ಸೀಮೆಸುಣ್ಣ ಕಳಿಸುವವನು, ಸೋರುವ ಹೆಂಚನ್ನು ಮಾತ್ರ ಎಷ್ಟು ಬರೆದುಕೊಂಡರೂ ಬದಲಿಸದವನು. ಒಂದೇ ಕೋಣೆಯಲ್ಲಿ ಬೆಳಿಗ್ಗೆ ತೆಲುಗು, ಮಧ್ಯಾಹ್ನ ಕನ್ನಡ. ಬೆಳಗಿನವರು ಒರೆಸದೆ ಬಿಟ್ಟುಹೋದ ಲೆಕ್ಕಗಳನ್ನು ನಾವು ಮಧ್ಯಾಹ್ನ ಮುಂದುವರಿಸುತ್ತಿದ್ದೆವು, ಉತ್ತರ ಎರಡೂ ಭಾಷೆಗೆ ಒಂದೇ ಬರುತ್ತಿತ್ತು.

ಒಂದು ದಿನ ಬೋರ್ಡು ರದ್ದಾಯಿತು, ಶಾಲೆಗಳು ಸರ್ಕಾರಕ್ಕೆ ಸೇರಿದವು. ಅದೇ ವಾರ ಈ ಬೆಂಚು ನಮ್ಮ ಮನೆಗೆ ಬಂತು. “ಬೋರ್ಡು ಮುಳುಗಿತು, ಮೇಷ್ಟ್ರ ಮನಿಗೆ ಬೆಂಚು ತೇಲಿ ಬಂತು ನೋಡ್ರಿ,” ಎಂದು ಎದುರುಮನೆಯಾಕೆ ಬೀದಿಗೆಲ್ಲ ಕೇಳುವಂತೆ ನಕ್ಕರು. ಶಾಲೆಯ ಸೀಮೆಸುಣ್ಣದ ಚೂರನ್ನೂ ಮನೆಗೆ ತಾರದಿದ್ದ ಅಪ್ಪ ಬೆಂಚನ್ನು ಅಡುಗೆಮನೆಗೆ ಸಾಗಿಸಿ ಅದರ ಮೇಲೆ ನೀರಿನ ಕೊಡಗಳನ್ನಿಟ್ಟರು. ತಾಯಿಯಿಲ್ಲದ ನನಗೆ ಕೇಳಲು ಬೇರೆ ಯಾರೂ ಇರಲಿಲ್ಲ, ಅಪ್ಪನನ್ನೇ ಕೇಳಲು ಧೈರ್ಯವಿರಲಿಲ್ಲ. ಉತ್ತರ ಏನು ಬಂದೀತೋ ಎಂಬ ಭಯ.

ಈ ವರ್ಷ ಅಪ್ಪನ ಶಾಲೆಯ ಹಳೆಯ ವಿದ್ಯಾರ್ಥಿಗಳು ಸಮಾರಂಭ ಮಾಡುತ್ತೇವೆಂದು, ಬೋರ್ಡಿನ ಇತಿಹಾಸವನ್ನು ಎರಡು ಪುಟದಲ್ಲಿ ಬರೆದುಕೊಡಿ ಎಂದು ನನ್ನಲ್ಲಿಗೆ ಬಂದರು. ನಿವೃತ್ತ ಶಿಕ್ಷಕಿಗೆ ಬೇರೆ ಕೆಲಸವೇನು? ಉತ್ಸಾಹದಿಂದ ಹೂಂ ಎಂದೆ. ಹಳೆಯ ದಾಖಲೆಗಳನ್ನೆಲ್ಲ ನನಗಿಂತ ಮೊದಲೇ ಗೆದ್ದಲು ಓದಿ ಮುಗಿಸಿತ್ತು. ನೆನಪಿನ ಮೇಲೆಯೇ ಬರೆಯುತ್ತ ಬಂದೆ; ಬೋರ್ಡಿನ ಕೊನೆಯ ದಿನಗಳಿಗೆ ಬಂದಾಗ ಪೆನ್ನು ನಿಂತಿತು. ಊರಿನ ಮಕ್ಕಳ ಬೆಂಚನ್ನು ಅಪ್ಪ ಮನೆಗೆ ತಂದಿದ್ದರೆ ಅದನ್ನೂ ಬರೆಯಬೇಕು. ಬಚ್ಚಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಎರಡೂ ನನ್ನಿಂದಾಗದೆ, ಗದ್ದೆಗಳ ನಡುವೆ ಓಡುವ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದೆ. ಅಪ್ಪನ ಶಾಲೆಯಲ್ಲಿ ಜವಾನರಾಗಿದ್ದ ದುರುಗಪ್ಪನವರು ಅಲ್ಲಿದ್ದಾರೆ.

ಗೋಡೆಯ ಮೇಲೆ ಬುದ್ಧನ ಪಟವಿದ್ದ ತಂಪಾದ ಪಡಸಾಲೆ. ನರ್ಸ್ ಕೆಲಸದಿಂದ ನಿವೃತ್ತರಾಗಿ ಅಣ್ಣನ ಜೊತೆಯೇ ಇರುವ ತಂಗಿ ಹುಲಿಗೆಮ್ಮ ಚಹಾ ತಂದುಕೊಟ್ಟು ಕೂತರು. ಬೆಂಚಿನ ಮಾತೆತ್ತಿದ್ದೇ ತಡ, ದುರುಗಪ್ಪನವರು ಬೊಚ್ಚುಬಾಯಿ ಬಿಟ್ಟು ನಕ್ಕರು.

“ಅದು ಬೋರ್ಡಿಂದಲ್ಲವ್ವಾ, ನಿಮ್ಮದೇ. ನಮ್ಮ ಕೇರಿ ಹುಡುಗ್ರನ್ನ ಸಾಲ್ಯಾಗ ನೆಲದ ಮ್ಯಾಲೆ ಕುಂದ್ರಸ್ತಿದ್ರು. ಯಾಕಂದ್ರ ಬೆಂಚು ಸಾಲಂಗಿಲ್ಲ ಅಂತಿದ್ರು. ನಿಮ್ಮಪ್ಪಾರು ಬಂದ ತಿಂಗಳದಾಗ, ಕುರುಗೋಡಿನ ತಮ್ಮ ಮನಿಯಿಂದ ಇದನ್ನ ಬಂಡ್ಯಾಗ ತರಿಸಿ, ‘ಈಗ ಸಾಲತೈತಿ, ಎಲ್ಲಾರೂ ಮ್ಯಾಲೆ ಕುಂದ್ರಲಿ’ ಅಂದ್ರು.”

ಅದಕ್ಕೆ ಮುದ್ರೆ ಬಿದ್ದದ್ದು ದುರುಗಪ್ಪನವರದೇ ಎಡವಟ್ಟಿನಿಂದ. ಇನ್‌ಸ್ಪೆಕ್ಟರು ಬರುವ ಮೊದಲು ಶಾಲೆಯ ಸಾಮಾನಿಗೆಲ್ಲ ಮುದ್ರೆ ಒತ್ತುವುದು ಬೋರ್ಡಿನ ಪದ್ಧತಿ. ಹೊಸ ಜವಾನನ ಹುರುಪು ಕೇಳಬೇಕೆ? ಸ್ಟೂಲು, ರೂಲುದೊಣ್ಣೆ, ಬಾಗಿಲ ಅಗುಳಿಗೂ ಒತ್ತಿ, ಹೆಡ್ಮಾಸ್ತರ ಸ್ವಂತ ಬೆಂಚನ್ನೂ ಬಿಡಲಿಲ್ಲ. ತಪ್ಪು ತಿಳಿದು ಬಂದು ಒಪ್ಪಿಕೊಂಡವರಿಗೆ ಅಪ್ಪ ಹೇಳಿದರಂತೆ: “ಇರ್ಲಿ ಬಿಡು ದುರುಗಾ, ಚಲೋನೇ ಆತು. ಮೇಷ್ಟ್ರು ಕೊಟ್ಟಿದ್ದು ಅಂದ್ರ ಹುಡುಗ್ರು ಹಂಗಿನ್ಯಾಗ ಕುಂದ್ರತಾರ. ಬೋರ್ಡಿಂದು ಅಂದ್ರ ಹಕ್ಕಿಲೆ ಕುಂದ್ರತಾರ. ಯಾರಿಗೂ ಹೇಳಬ್ಯಾಡ.”

ಬೋರ್ಡು ರದ್ದಾದಾಗ ಸಾಮಾನಿನ ಪಟ್ಟಿಗಿಂತ ಒಂದು ಬೆಂಚು ಹೆಚ್ಚಿಗೆ ಸಿಕ್ಕಿತು. ಕಡಿಮೆಯಾದರೆ ಬರೆದು ಮುಚ್ಚಬಹುದು, ಹೆಚ್ಚಾದದ್ದನ್ನು ಏನು ಮಾಡುವುದು? ಇದನ್ನು ಇಲ್ಲಿಂದ ಸಾಗಿಸಿ ಎಂದರಂತೆ ಬಂದ ಅಧಿಕಾರಿ. ಹಾಗೆ ಅದು ಮರಳಿ ಮನೆಗೆ ಬಂತು. ಮುದ್ರೆ ಕಂಡವರು ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ. ಅಪ್ಪ ಅದನ್ನು ಗೋಡೆಗೆ ತಿರುಗಿಸಿದರು.

ಹುಲಿಗೆಮ್ಮ ಕಣ್ಣೊರೆಸಿಕೊಂಡು ಅಣ್ಣನನ್ನು ಗದರಿಕೊಂಡರು. “ನನಗೂ ಹೇಳಲಿಲ್ಲ ನೋಡು ಇವ! ನಾ ಅದರ ಕಿಟಕಿ ಕಡಿ ಕುಂದ್ರತಿದ್ದೆ. ಯಾರರ ಏಳು ಅಂದ್ರ, ‘ಬೋರ್ಡಿನ ಬೆಂಚಿದು, ನಿಮ್ಮಪ್ಪಂದಲ್ಲ, ಸರೀಲೇ’ ಅಂತ ಅವರನ್ನೇ ಸರಸ್ತಿದ್ದೆ.”

ಹಿಂತಿರುಗುವ ಬಸ್ಸಿನಲ್ಲಿ ನನಗೆ ಅಳುವೂ ಬಂತು, ನಗುವೂ ಬಂತು. ಅಪ್ಪನನ್ನು ಅಷ್ಟು ವರ್ಷ ಅನುಮಾನಿಸಿದೆನಲ್ಲ ಎಂಬ ನಾಚಿಕೆ ಒಂದು ಕಡೆ. ಆ ಹಳೆಯ ಬೋರ್ಡಿನ ಮೇಲೆ ಎಂದೂ ಇಲ್ಲದ ಅಕ್ಕರೆ ಇನ್ನೊಂದು ಕಡೆ. ದಾನಿಗೆ ಹೆಸರಿರುತ್ತದೆ, ಎದುರು ಸಿಕ್ಕರೆ ಕೈಮುಗಿಯಬೇಕಾಗುತ್ತದೆ. ಬೋರ್ಡಿಗೆ ಹೆಸರೂ ಇರಲಿಲ್ಲ, ಮುಖವೂ ಇರಲಿಲ್ಲ. ಅದಕ್ಕೇ ಅದರ ಬೆಂಚಿನ ಮೇಲೆ ಒಬ್ಬ ಹುಡುಗಿ ತಲೆಯೆತ್ತಿ ಕೂತು ಜಗಳವಾಡಬಹುದಿತ್ತು. ಮನೆಗೆ ಬಂದವಳೇ ಬೆಂಚನ್ನು ಮುದ್ರೆ ಕಾಣುವಂತೆ ತಿರುಗಿಸಿಟ್ಟೆ, ಇತಿಹಾಸವನ್ನೂ ಬರೆದು ಮುಗಿಸಿದೆ.

ಸಮಾರಂಭದ ದಿನ ಹುಲಿಗೆಮ್ಮ ಮೊದಲು ನಮ್ಮ ಮನೆಗೆ ಬಂದರು. ಕುರ್ಚಿ ಹಾಕಿದರೆ ಅದರ ಕಡೆ ನೋಡಲಿಲ್ಲ. ನೇರ ಅಡುಗೆಮನೆಗೆ ನಡೆದು, ನೀರಿನ ಕೊಡಗಳನ್ನು ಒಂದೊಂದಾಗಿ ತಾವೇ ಕೆಳಗಿಳಿಸಿ, ಸೆರಗಿನಿಂದ ಬೆಂಚು ಒರೆಸಿದರು. ನಾನು ಹೋಗಿ ಕಿಟಕಿಯ ಕಡೆಯ ತುದಿಯಲ್ಲಿ ಕೂತೆ. ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಸರೀರಿ ಟೀಚರಮ್ಮ. ಬೋರ್ಡಿನ ಬೆಂಚಿದು, ನಿಮ್ಮಪ್ಪಂದಲ್ಲ.”

ನಾನು ಸರಿದೆ.